ಕವುಚದೆ ಬಿಟ್ಟ ಗಡಿಗೆ

ಬೇತೆಲ್ಸ್‌ಕ್ಲೋಫ್
೨೭ ಮಾರ್ಚ್ ೧೯೯೬, ಬುಧವಾರ

ಪ್ರೀತಿಯ ತಂಗಿ ಸಾನಾ,

“ಮಲಗು ಬೆಂಕಿ, ಬೂದಿ ಹೊದ್ದು ಮಲಗು, ಇಂಥವರು ಕರೆದರೆ ಮಾತ್ರ ಏಳು.” ಅಮ್ಮ ಒಲೆ ಮುಚ್ಚುವಾಗ ಹೇಳುತ್ತಿದ್ದ ಸಾಲು ಇದು. ಆ ‘ಇಂಥವರು’ ಯಾರೆಂಬುದು ನನಗೆ ಮರೆತುಹೋಗಿದೆ. ಮಗಳು ಕರೆದರೆ ಎನ್ನುತ್ತಿದ್ದಳೇ? ಯಜಮಾನ ಕರೆದರೆ ಎನ್ನುತ್ತಿದ್ದಳೇ? ಹನ್ನೊಂದು ದಿನದಿಂದ ಪಾಠ ಮಾಡುವಾಗಲೂ ಇದೇ ಯೋಚನೆ. ಕರೆದಾಗ ಎದ್ದು ಬೇಡವೆಂದಾಗ ಮಲಗುವ ಬೆಂಕಿಯನ್ನು ಯಾರಾದರೂ ಕಂಡಿದ್ದಾರೆಯೇ ಎಂಬುದು ಬೇರೆ ಪ್ರಶ್ನೆ. ನಿನಗೆ ನೆನಪಿದ್ದರೆ ಬರೆ.

ಇಷ್ಟು ದಿನ ಕಾಗದ ಹಾಕಲಿಲ್ಲವೆಂದು ಬೇಸರಪಡಬೇಡ. ನೀನು, ನಿನ್ನ ಗಂಡ ವೌಟರ್ ಮತ್ತು ಪುಟ್ಟ ಎಲ್ಸ ಸುಖವಾಗಿ ಕಡಲಾಚೆಯ ಹಾರ್ಲೆಮ್ ಸೇರಿದಿರೆಂದು ಪಾದ್ರಿಗಳು ಹೇಳಿದರು. ಅಂಗಡಿಯ ಫೋನಿನಲ್ಲಿ ಅವರು ವೌಟರ್‌ಗೆ ವಿಷಯ ಮುಟ್ಟಿಸಿದ್ದು ಎರಡೇ ಮಾತಿನಲ್ಲಂತೆ. ಮಿಕ್ಕದ್ದನ್ನು ನಾನು ಬರೆಯಬೇಕು.

ಆ ಶನಿವಾರ ನಿಮ್ಮ ಕಾರು ಹೊರಟದ್ದು ಹನ್ನೆರಡೂವರೆಗೆ. ಕಣಿವೆಯ ತಿರುವಿನಲ್ಲಿ ಧೂಳು ಇನ್ನೂ ಕೂತಿರಲಿಲ್ಲ, ಅಮ್ಮನ ಮನೆಯ ಜೊಂಡಿನ ಮಾಡಿನಿಂದ ಹೊಗೆ ಬಂತು. ಮೊದಲು ನೋಡಿದವಳು ನಾನೇ. ಅವಳು ಮಣ್ಣಾದಾಗಿನಿಂದ, ಎರಡು ವರ್ಷದಿಂದ ಬೀಗ ಹಾಕಿದ ಮನೆಯಲ್ಲಿ ಒಲೆ ಉರಿಯುತ್ತಿದೆಯಲ್ಲ, ಅಮ್ಮ ಎದ್ದಳೇ ಎಂದು ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಬೆಟ್ಟದ ಗಾಳಿ ಅದನ್ನು ಎತ್ತಿಕೊಂಡಿತು. ಅಮ್ಮನ ಮನೆ, ಹಿರಿಯರ ಸಭೆಯ ಝಾಲರ ಮನೆ, ಓಮ್ ಕರ್ನೆಲಿಸ್‌ರ ಮನೆ, ಚಪ್ಪಲಿ ಹೊಲಿಯುವ ಕೊಟ್ಟಿಗೆ, ನಾಲ್ಕು ಮಾಡುಗಳು ಗಂಟೆಯೊಳಗೆ ಹೋದವು. ಪ್ರಾಣ ಯಾರದೂ ಹೋಗಲಿಲ್ಲ. ಊರಿಗೆಲ್ಲ ‘ಓಮ್’, ಮಾಮ, ಆದ ಕರ್ನೆಲಿಸ್ ಮಾತ್ರ ತಮ್ಮ ಹಿತ್ತಾಳೆ ತುತ್ತೂರಿ ತರಲು ಒಳಕ್ಕೆ ಓಡಿದರು. ಎಪ್ಪತ್ತಮೂರು ವರ್ಷದ ಮನುಷ್ಯ. ಕಾದ ಹಿತ್ತಾಳೆಯನ್ನು ಎರಡೂ ಕೈಯಲ್ಲಿ ತಬ್ಬಿ ಹೊರಬಂದರು. ಅಂಗೈ ಎರಡೂ ಬೆಂದಿವೆ. ಬರುವ ಈಸ್ಟರ್ ನಸುಕಿನಲ್ಲಿ ಸಮಾಧಿಗಳ ನಡುವೆ ನಮ್ಮ ಚರ್ಚಿನ ವಾದ್ಯದವರು ಅವರಿಲ್ಲದೆ ಊದಬೇಕು. ನನಗೆ ತಿಳಿದಂತೆ ಇದೇ ಮೊದಲು.

ಈಗ ಊರಿನ ಒಂದೇ ಪ್ರಶ್ನೆ, ಬೀಗ ಹಾಕಿದ ಮನೆಗೆ ಬೆಂಕಿ ಯಾರು ತಂದರು?

ಅವತ್ತು ಮಣ್ಣೊಲೆಯ ಸರದಿ ನಮ್ಮದಾಗಿತ್ತು. ನೀನು ಇದನ್ನೆಲ್ಲ ಬಿಟ್ಟು ಹತ್ತೊಂಬತ್ತು ವರ್ಷವಾಯಿತು, ಆದರೂ ಮರೆತಿರಲಾರೆ. ಪ್ರತಿ ಶನಿವಾರ ಮನೆಸಾಲಿನ ಒಂದು ಹಿತ್ತಿಲಲ್ಲಿ ರೊಟ್ಟಿಗೆಂದು ದೊಡ್ಡ ಒಲೆ ಹಚ್ಚುತ್ತಾರೆ. ಮಿಕ್ಕವರು ತಮ್ಮ ಒಲೆಗೆ ಅಲ್ಲಿಂದಲೇ ತಗಡಿನ ಮುಚ್ಚಳದಲ್ಲಿ ಕೆಂಡ ಒಯ್ಯುತ್ತಾರೆ. ಅರೆಬಾಗಿಲಿಗೆ ಬಂದವಳು ನಮಸ್ಕಾರ ಹೇಳುವಂತಿಲ್ಲ, ಹೆಸರು ಹೇಳುವಂತಿಲ್ಲ. “ಫ್ಯೂರ್” ಎಂದು ಬೆಂಕಿಯನ್ನು ಹೆಸರು ಹಿಡಿದು ಕೇಳಬೇಕು, ಅಷ್ಟೇ. ಒಳಗಿದ್ದವಳು ಹೊರಗೆ ಇಣುಕದೆ “ತಗೋ” ಎನ್ನಬೇಕು. ಮಾತಿಗೆ ನಿಂತರೆ ಕೆಂಡ ಸಾಯುತ್ತದೆ. ಯಾರಿಗೂ ಇಲ್ಲವೆನ್ನುವಂತಿಲ್ಲ. ಬೆಟ್ಟದ ಗಾಳಿ ಎದ್ದ ದಿನ ಮಾತ್ರ ಮೂರು ಕಾಲಿನ ಕಬ್ಬಿಣದ ಗಡಿಗೆಯನ್ನು ಒಲೆಯ ಬಾಯಿಗೆ ಕವುಚಿ ಇಡುತ್ತೇವೆ. ಕವುಚಿದ ಗಡಿಗೆ ಕಂಡರೆ ಯಾರೂ ಕೇಳುವುದಿಲ್ಲ.

ಅವತ್ತು ಹನ್ನೊಂದಕ್ಕೆ ಗಾಳಿ ಎದ್ದಿತು. ನಾನು ಗಡಿಗೆ ಕವುಚಿರಲಿಲ್ಲ. ಹನ್ನೊಂದೂವರೆಗೆ ಹಿತ್ತಿಲಿಂದ ಒಂದು ದನಿ ಕೇಳಿತು. “ತಗೋ” ಎಂದೆ. ಇಷ್ಟನ್ನು ಚರ್ಚಿನ ಹಿರಿಯರ ಸಭೆಗೆ ಹೇಳಿದ್ದೇನೆ. ದನಿ ಯಾರದೆಂದು ಕೇಳಿದರು. ಗೊತ್ತಾಗಲಿಲ್ಲ ಎಂದೆ.

ಊರಿಗೆ ಮಾತ್ರ ಗೊತ್ತಾಗಿದೆ. ನಿನ್ನೆ ಕಾಲುವೆಯ ಹತ್ತಿರ ಬಟ್ಟೆ ಒಗೆಯುವವರ ಮಾತು ಕೇಳು:

“ನಾಲ್ಕು ಮನೆ ಸುಟ್ಟೋದ್ವು, ಪಕ್ಕದಲ್ಲೇ ಇರೋ ರಾಹೆಲ್ ಮನೆಗೆ ಒಂದು ಕಿಡೀನೂ ಹಾರ್ಲಿಲ್ಲ. ಅದೇನು ಬೆಂಕಿಗೆ ಅವಳಂದ್ರೆ ಭಯಾನಾ?”

“ಮೂರು ಹೊತ್ತೂ ಬಾಯಲ್ಲಿ ಹೊಗೆಸೊಪ್ಪಿನ ಚುಂಗಾಣಿ. ಬೆಂಕಿ ಜೊತೇನೇ ಸಂಸಾರ ಮಾಡ್ತಾಳೆ.”

“ನೀರಿನ ಸರದಿ ತಪ್ಪಿಸಿದಾಗ ಏನಂದ್ಲು ನೆನಪಿದ್ಯಾ? ‘ಈ ಸಾಲೆಲ್ಲಾ ಉರಿದುಹೋಗ್ಲಿ’ ಅಂದ್ಲು! ಈ ಕಿವಿಯಾರೆ ಕೇಳಿದೀನಿ.”

ರಾಹೆಲ್‌ಳ ನಾಲಿಗೆ ನಿನಗೂ ತಾಗಿದೆಯಲ್ಲ. ನೀವು ಬಂದ ಮೊದಲ ಭಾನುವಾರ ನಮ್ಮ ಅಂಗಳದಲ್ಲಿ ಕುರಿಮಾಂಸ ಸುಡುತ್ತಿದ್ದಾಗ ವೌಟರ್ ಉತ್ಸಾಹದಿಂದ, “ನೋಡಿ, ಬೆಂಕೀಗೆ ಅಲ್ಲಿ ನಾವು ವ್ಯೂರ್ ಅಂತೀವಿ, ಇಲ್ಲಿ ನೀವು ಫ್ಯೂರ್ ಅಂತೀರಿ. ಬರೆಯೋದು ಒಂದೇ ಥರ! ನಮ್ಮೋರು ಹಡಗಲ್ಲಿ ಇಲ್ಲಿಗೆ ಬಂದು ಮುನ್ನೂರು ವರ್ಷ ಆದ್ರೂ ನಮ್ಮದೂ ನಿಮ್ಮದೂ ಒಂದೇ ಮಾತು” ಎಂದ. ಎಲ್ಲರೂ ನಗುತ್ತ ತಲೆಯಾಡಿಸಿದರು. ಗೋಡೆಯಾಚೆ ದಾರಿಯಲ್ಲಿ ಹೋಗುತ್ತಿದ್ದ ರಾಹೆಲ್ ನಿಂತು ಚುಂಗಾಣಿ ತೆಗೆದು ಹೇಳಿದಳು: “ಮಾತು ಒಂದೇ ಇರ್ಬೋದು ಸಾಹೇಬ್ರೆ. ಸುಟ್ಕೊಂಡೋರು ಬೇರೆ.” ನಿನ್ನ ಮುಖ ಕೆಂಪಾಯಿತು.

ನಿನ್ನನ್ನು ಕೇಳಬೇಕಾದದ್ದು ಇಷ್ಟೇ. ಹೊರಡುವ ಮುಂಚೆ ಒಂದು ಸುತ್ತು ಹಾಕಿ ಬರುತ್ತೇನೆಂದು ಹೋದೆಯಲ್ಲ, ಆಗ ಮೇಲಿನ ಸಾಲಿನಲ್ಲಿ ರಾಹೆಲ್ ಕಂಡಳೇ? ಅಮ್ಮನ ಮನೆಯ ಬಾಗಿಲು ತೆರೆದಿತ್ತೇ? ಬೀಗದ ಕೈ ನಮ್ಮ ಮೊಳೆಯಲ್ಲೇ ನೇತಾಡುತ್ತಿದೆ. ಆದರೆ ಅದರ ದಾರ ತಿರುಗುಮುರುಗಾಗಿದೆ. ಯೋಚಿಸಿ ಬರೆ.

ಎಲ್ಸಳಿಗೆ ಮುತ್ತು. ನೀವೆಲ್ಲ ಚೆನ್ನಾಗಿರಿ.

ನಿನ್ನ ಅಕ್ಕ,
ಗ್ರೀತಾ


ಬೇತೆಲ್ಸ್‌ಕ್ಲೋಫ್
೨೫ ಏಪ್ರಿಲ್ ೧೯೯೬, ಗುರುವಾರ

ಸಾನಾ,

ನಿನ್ನ ಕಾಗದ ಸೋಮವಾರ ಅಂಗಡಿಯ ಲಾರಿಯಲ್ಲಿ ಬಂತು. ಮೂರು ಸಲ ಓದಿದೆ. ಎಲ್ಸಳ ಶೀತ ಹೋದದ್ದು ಸಂತೋಷ. ಮಳೆ ಹಿಡಿದು ಕೂತಿದೆ, ಹೀಟರು ಕೆಟ್ಟು ವೌಟರ್ ಕೋಟು ಹಾಕಿಕೊಂಡೇ ಊಟ ಮಾಡುತ್ತಾನೆ ಎಂದು ಬರೆದಿದ್ದೀಯ, ನಕ್ಕೆ. ನಾಲ್ಕು ಪುಟದ ಕಾಗದ. ಬೆಂಕಿಯ ಬಗ್ಗೆ ಒಂದೇ ಸಾಲು: “ರಾಹೆಲ್ ಮೊದಲಿನಿಂದಲೂ ಹಾಗೇ ಅಲ್ಲವೇ, ಅವಳನ್ನು ಯಾರು ನಂಬುತ್ತಾರೆ?”

ನಾನು ಕೇಳಿದ್ದು ಅವಳನ್ನು ಕಂಡೆಯಾ ಎಂದು. ಕಂಡೆ ಎಂದೂ ಇಲ್ಲ, ಕಾಣಲಿಲ್ಲ ಎಂದೂ ಇಲ್ಲ. ಬಾಗಿಲಿನ ವಿಷಯ ಇಲ್ಲವೇ ಇಲ್ಲ. ಇಪ್ಪತ್ತೈದು ವರ್ಷದಿಂದ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿರುವವಳು ನಾನು. ಉತ್ತರ ಗೊತ್ತಿಲ್ಲದವರು ಪ್ರಶ್ನೆಯನ್ನು ಬಿಡುತ್ತಾರೆ. ಗೊತ್ತಿದ್ದೂ ಬರೆಯಲಾಗದವರು ಪಕ್ಕದ ಪ್ರಶ್ನೆಗೆ ಉದ್ದುದ್ದ ಬರೆಯುತ್ತಾರೆ.

ಇಲ್ಲಿಯದು ಹೇಳುತ್ತೇನೆ. ಸಾಲಿನವರು ರಾಹೆಲ್‌ಗೆ ಬೆಂಕಿ ಕೊಡುವುದನ್ನು ನಿಲ್ಲಿಸಿದ್ದಾರೆ. ಮೂರು ಶನಿವಾರದಿಂದ ಅವಳು ಯಾವ ಹಿತ್ತಿಲಿಗೆ ಹೊರಟರೂ ಅಲ್ಲಿನ ಒಲೆಗೆ ಗಡಿಗೆ ಕವುಚಿಕೊಳ್ಳುತ್ತದೆ. ಎಲೆಯೂ ಅಲುಗದ ದಿನ ಕವುಚಿದ ಗಡಿಗೆಗಳು! ಬೆಂಕಿಕಡ್ಡಿ ಅಂಗಡಿಯಲ್ಲಿ ಸಿಗುತ್ತದೆ, ಅಡುಗೆ ನಿಲ್ಲುವುದಿಲ್ಲ. ಆದರೆ ಕಡ್ಡಿ ಗೀರಿ ಒಲೆ ಹಚ್ಚುವುದೆಂದರೆ ಇಲ್ಲಿ ಯಾರೂ ಇಲ್ಲದವಳು ಎಂದು ತಾನೇ?

ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಮೇ ಹತ್ತರಂದು ಹಿರಿಯರ ಸಭೆ ಅವಳ ನಿವೇಶನದ ವಿಷಯ ತೀರ್ಮಾನಿಸುತ್ತದೆ. ನೆಲ ಸಭೆಯದು, ನಾವೆಲ್ಲ ಅವರ ಒಪ್ಪಿಗೆಯ ಮೇಲೆ ಇರುವವರು. ಹಿಂದಕ್ಕೆ ಪಡೆದರೆ ಅರವತ್ತೊಂದು ವರ್ಷದ ಆ ಹೆಂಗಸು ಗಂಡನ ಸಮಾಧಿ ಬಿಟ್ಟು ಎಲ್ಲಿಗೆ ಹೋಗಬೇಕು? ಗಾಳಿ ಬೆಟ್ಟದಿಂದ ಕೆಳಗೆ ಬೀಸುತ್ತಿತ್ತು, ಅವಳ ಮನೆ ಮೇಲಿದೆ, ಕಿಡಿ ಮೇಲಕ್ಕೆ ಹೇಗೆ ಹಾರೀತು ಎಂದು ಝಾಲರಿಗೆ ಹೇಳಿ ನೋಡಿದೆ. “ಮಾಸ್ತರಮ್ಮ, ನೀವು ಓದಿದೋರು, ಗಾಳೀಗೆಲ್ಲ ಲೆಕ್ಕ ಹಾಕ್ತೀರಿ. ನನ್ನ ಹೆಂಡ್ತಿ ಬೆಂದ ಗೋಡೆ ಮಧ್ಯೆ ಮಲಗ್ತಿದಾಳೆ” ಎಂದರು.

ಮೊನ್ನೆ ಒಂದು ರೊಟ್ಟಿ ತೆಗೆದುಕೊಂಡು ರಾಹೆಲ್‌ಳ ಮನೆಗೆ ಹೋದೆ. ಒಳಗೆ ಕರೆಯಲಿಲ್ಲ. ಅರೆಬಾಗಿಲ ಮೇಲೆ ಮೊಣಕೈಯೂರಿ ನಿಂತಳು.

“ಏನು, ಪಾಪ ತೊಳ್ಕೊಳೋಕೆ ರೊಟ್ಟಿ ತಂದ್ಯಾ?”

“ಯಾರ ಪಾಪ ರಾಹೆಲಕ್ಕ?”

“ಅದು ನಿಂಗೇ ಗೊತ್ತು. ನಿನ್ನ ಕಿವಿ ಎಂಥದು ಅಂತ ಊರಿಗೆಲ್ಲ ಗೊತ್ತು. ಹಿಂದಿನ ಬೆಂಚಲ್ಲಿ ಯಾರಾದ್ರೂ ಪಿಸುಗುಟ್ಟಿದ್ರೆ ಬೋರ್ಡ್ ಕಡೆ ಮುಖ ಮಾಡ್ಕೊಂಡೇ ಹೆಸರು ಹೇಳ್ತೀಯಂತೆ. ಅಂಥೋಳಿಗೆ ಹಿತ್ತಲ ದನಿ ಗೊತ್ತಾಗ್ಲಿಲ್ಲ. ಅಲ್ವಾ?”

“ಗಾಳಿ ಜೋರಿತ್ತು.”

“ಜೋರಿತ್ತು, ಹೌದು. ಗಡಿಗೆ ಎಲ್ಲಿತ್ತು?”

ರೊಟ್ಟಿಯನ್ನು ಅರೆಬಾಗಿಲ ಮೇಲಿಂದ ಚಾಚಿದೆ. ಅವಳು ರೊಟ್ಟಿ ತೆಗೆದುಕೊಂಡಳು, ಬಾಗಿಲು ಹಾಕಿದಳು. ದಾರಿಯುದ್ದಕ್ಕೂ ಅಂದುಕೊಂಡೆ, ಇವಳಿಗೆ ಎಲ್ಲ ಗೊತ್ತಿದೆ. ಮತ್ತೆ ಏಕೆ ಹೇಳುತ್ತಿಲ್ಲ? ನಾನೇ ಹೇಳಲೆಂದು ಕಾಯುತ್ತಿದ್ದಾಳೆಯೇ? ಅಥವಾ ತಾನು ಹೇಳಿದರೆ ಯಾರೂ ನಂಬುವುದಿಲ್ಲವೆಂದೇ?

ಇನ್ನು ಮುಖ್ಯ ವಿಷಯ. ಹೋದ ವಾರ ಅಮ್ಮನ ಮನೆಯ ಬೂದಿ ತೆಗೆಯಲು ಹೋಗಿದ್ದೆವು. ಓಮ್ ಕರ್ನೆಲಿಸ್ ಕೈಗೆ ಬಟ್ಟೆ ಸುತ್ತಿಕೊಂಡೇ ಬಂದು, “ಅಲ್ಲಿ ಕೆದಕು, ಇಲ್ಲಿ ಕೆದಕು” ಎಂದು ಅಧಿಕಾರ ನಡೆಸುತ್ತಿದ್ದರು. ಒಲೆಯ ಗೂಡಿನಲ್ಲಿ ನನ್ನ ಸಲಿಕೆಗೆ ಏನೋ ತಾಗಿತು. ಮುಚ್ಚಳ. ನೀಲಿ ಬಣ್ಣ ಅರ್ಧ ಸುಟ್ಟಿದೆ, ಹಿಡಿಗೆ ತಂತಿ ಸುತ್ತಿದೆ. ಆ ತಂತಿ ಸುತ್ತಿದವಳು ನಾನೇ. ನಮ್ಮ ಮನೆಯದು ಅದು, ನೀವಿದ್ದ ಎರಡು ವಾರ ನೀನು ದಿನಾ ಚಹಾದ ಪಾತ್ರೆಗೆ ಮುಚ್ಚುತ್ತಿದ್ದದ್ದು. ಅದರ ಸುತ್ತ ಒಲೆಯಲ್ಲಿ ಕಟ್ಟಿಗೆಯನ್ನು ಚೊಕ್ಕವಾಗಿ ಜೋಡಿಸಿದ ಗುರುತು ಇನ್ನೂ ಇತ್ತು. ಕೊಳ್ಳಿಯಿಡಲು ಬಂದವರು ಒಲೆಯಲ್ಲಿ ಕಟ್ಟಿಗೆ ಜೋಡಿಸುತ್ತಾರೆಯೇ? ಯಾರೋ ಆ ಒಲೆ ಒಮ್ಮೆ ಉರಿಯುವುದನ್ನು ನೋಡಬೇಕೆಂದು ಹಚ್ಚಿದ್ದಾರೆ. ಎರಡು ವರ್ಷದ ಹಕ್ಕಿಗೂಡು ಹೊಗೆಗಂಡಿಯಲ್ಲಿ ಕಟ್ಟಿಕೊಂಡಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಬೆಟ್ಟದ ಗಾಳಿ ಎಂದರೇನೆಂದು ಮರೆತಿದ್ದರು. ನಿಮ್ಮಲ್ಲಿ ಬೆಂಕಿ ಗೋಡೆಯೊಳಗಿರುತ್ತದೆ, ಗುಂಡಿ ತಿರುಗಿಸಿದರೆ ಏಳುತ್ತದೆ, ತಿರುಗಿಸಿದರೆ ಮಲಗುತ್ತದೆ. ಹೆಸರು ಒಂದೇ ಆದರೆ ಸ್ವಭಾವವೂ ಒಂದೇ ಎಂದುಕೊಂಡರು.

ಮುಚ್ಚಳವನ್ನು ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯಲ್ಲಿ ಮುಚ್ಚಿ ತಂದೆ. ಹಿಟ್ಟಿನ ಪೆಟ್ಟಿಗೆಯ ಕೆಳಗಿದೆ. ಇದನ್ನು ಬಚ್ಚಿಟ್ಟ ಮೇಲೆ ನನಗೂ ನಿನಗೂ ವ್ಯತ್ಯಾಸವೇನು?

ಮೇ ಹತ್ತಕ್ಕೆ ಮುಂಚೆ ನೀನೇ ಪಾದ್ರಿಗಳಿಗೆ ಬರೆ, ಇಲ್ಲವೆ ಅಂಗಡಿಗೆ ಫೋನು ಮಾಡು. ಬೇಕೆಂದು ಮಾಡಿದೆ ಎಂದು ಯಾರೂ ಹೇಳುವುದಿಲ್ಲ. ನಿನ್ನಿಂದಲೇ ಬಂದರೆ ಒಳ್ಳೆಯದು. ನಾನು ಕಾಯುತ್ತೇನೆ.

ಗ್ರೀತಾ


ಬೇತೆಲ್ಸ್‌ಕ್ಲೋಫ್
೧೮ ಮೇ ೧೯೯೬, ಶನಿವಾರ

ಪ್ರೀತಿಯ ಸಾನಾ,

ಫೋನು ಬರಲಿಲ್ಲ. ಒಂಬತ್ತನೆಯ ತಾರೀಖು ಶಾಲೆ ಬಿಟ್ಟ ಮೇಲೆ ಅಂಗಡಿ ಮುಚ್ಚುವ ತನಕ ಗೋಣಿಚೀಲದ ಮೇಲೆ ಕೂತಿದ್ದೆ. ಫೋನು ಎರಡು ಸಲ ಬಡಿದುಕೊಂಡಿತು, ಎರಡೂ ಸಲ ಗೊಬ್ಬರದವರದು. ಕಾಗದ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿತೆಂದು ನಂಬುವುದು ನನಗೆ ಸುಲಭ, ನಿನಗೂ ಸುಲಭ. ಆದ್ದರಿಂದ ಹಾಗೆಂದೇ ಇಟ್ಟುಕೊಳ್ಳೋಣ.

ಸಭೆ ಶಾಲೆಯ ಕೋಣೆಯಲ್ಲೇ ನಡೆಯಿತು. ರಾಹೆಲ್‌ಳನ್ನು ಮಕ್ಕಳ ಬೆಂಚಿನಲ್ಲಿ ಕೂರಿಸಿದ್ದರು, ಮೊಣಕಾಲು ಮೇಜಿಗೆ ತಾಗುತ್ತಿತ್ತು. ಝಾಲರು ಅವಳ ನೀರಿನ ಜಗಳ, ಚುಂಗಾಣಿ, ಶಾಪ ಎಲ್ಲವನ್ನೂ ಓದಿದರು. ಪಾದ್ರಿಗಳು “ನಿಮಗೇನಾದ್ರೂ ಹೇಳೋದಿದ್ಯಾ?” ಎಂದು ಕೇಳಿದರು.

“ಇದೆ. ಈ ಬೆಂಚು ಮಾಡಿದೋನು ಕಾಲು ಇಲ್ದೋನು.”

ಯಾರೋ ಹಿಂದೆ ಕಿಸಕ್ಕೆಂದರು. ನಾನು ಎದ್ದು ಚೀಲದಿಂದ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟೆ. ಅದು ಟಣ್ಣೆಂದಿತು. ಸಿಕ್ಕಿದ್ದು ಎಲ್ಲಿ, ಬಚ್ಚಿಟ್ಟದ್ದು ಎಷ್ಟು ದಿನ ಎಂದು ಹೇಳಿದೆ. ದನಿ ನನ್ನ ತಂಗಿಯದು, ಕೇಳಿದ ಕೂಡಲೇ ಗೊತ್ತಾಗಿತ್ತು ಎಂದೆ. ಅವಳು ಅಮ್ಮನ ಒಲೆ ಹಚ್ಚಲು ಹೋದಳು, ಕೆಡುಕಿಗಲ್ಲ. ಗಾಳಿಯಿದ್ದೂ ಗಡಿಗೆ ಕವುಚಲು ಮರೆತವಳು ನಾನು, ತಪ್ಪು ನನ್ನ ಹಿತ್ತಿಲಿನದು ಎಂದೆ.

ಮೊದಲು ಎದ್ದವರು ಓಮ್ ಕರ್ನೆಲಿಸ್: “ಎಂಟು ವಾರ! ಎಂಟು ವಾರ ಈ ಹೆಂಗಸನ್ನ ನಾಯಿ ಥರ ನೋಡಿದ್ವಿ. ನೀನು ದಿನಾ ನನ್ನ ಕೈಗೆ ಮುಲಾಮು ಹಚ್ಚೋಕೆ ಬರ್ತಿದ್ದೆ ಮಗಳೆ. ಒಂದಿನಾನಾದ್ರೂ ಬಾಯಿಗೆ ಬರ್ಲಿಲ್ವಾ?” ಬಂದಿತ್ತು. ಪ್ರತಿದಿನ ಬಂದಿತ್ತು. ಮುಲಾಮಿನ ಡಬ್ಬಿಯ ಮುಚ್ಚಳ ಹಾಕಿದ ಕೂಡಲೇ ಹೋಗುತ್ತಿತ್ತು.

ರಾಹೆಲ್‌ಳ ನಿವೇಶನದ ಮಾತು ಅಲ್ಲಿಗೆ ಮುಗಿಯಿತು. ಯಾರೂ ಅವಳಿಗೆ ಕ್ಷಮೆ ಕೇಳಲಿಲ್ಲ. ಝಾಲರು ಮಾತ್ರ ಹೊರಗೆ ಹೋಗುವಾಗ ಅವಳ ಚುಂಗಾಣಿಗೆ ಕಡ್ಡಿ ಗೀರಿದರು, ಅದೇ ದೊಡ್ಡದು. ನಿನ್ನ ಮೇಲೆ ಯಾರಿಗೂ ಅಷ್ಟು ಸಿಟ್ಟಿಲ್ಲ. “ದೂರ ಇದ್ದೋಳು, ಪಾಪ, ಮರೆತಿದಾಳೆ” ಎನ್ನುತ್ತಾರೆ. ಸಿಟ್ಟು ನನ್ನ ಮೇಲೆ. ಒಂದು ವರ್ಷ ನಮ್ಮ ಹಿತ್ತಿಲಲ್ಲಿ ಮಣ್ಣೊಲೆಯ ಸರದಿ ಇಲ್ಲ. ಅದು ಸಭೆಯ ತೀರ್ಮಾನ. ಇನ್ನೊಂದನ್ನು ಯಾರೂ ತೀರ್ಮಾನಿಸಲಿಲ್ಲ, ತಾನಾಗಿಯೇ ಆಯಿತು. ನಮ್ಮ ಮನೆಯಿಂದ ಯಾರೂ ಬೆಂಕಿ ಕೇಳುವುದಿಲ್ಲ, ನಾನು ಕೇಳಲು ಹೋಗುವುದೂ ಇಲ್ಲ. ಹೋದ ಶನಿವಾರ ಮೊದಲ ಸಲ ಕಡ್ಡಿ ಗೀರಿದೆ. ಮೂರು ಕಡ್ಡಿ ಬೇಕಾಯಿತು.

ಅಮ್ಮನ ಆ ‘ಮಲಗು ಬೆಂಕಿ’ ಸಾಲಿನ ಬಗ್ಗೆ ಓಮ್ ಕರ್ನೆಲಿಸ್‌ರನ್ನು ಕೇಳಬೇಕೆಂದಿದ್ದೆ. ಈಗ ಮುಲಾಮು ಹಚ್ಚಲು ಅವರ ಸೊಸೆ ಬರುತ್ತಾಳೆ. ಆದರೂ ಅವರು ಈಗ ಉಳಿದುಕೊಂಡಿರುವ ಮನೆಯ ಗೋಡೆಯಾಚೆಯಿಂದ ಕೇಳಿದೆ. “ನಮ್ಮಮ್ಮ ‘ಬೆಳಕು ಕರೆದರೆ’ ಅಂತಿದ್ಲು. ನಿಮ್ಮಮ್ಮಂದು ನಂಗೇನು ಗೊತ್ತು?” ಎಂದು ಬಾಗಿಲು ಹಾಕಿಕೊಂಡರು. ಮನೆಗೊಂದು ಸಾಲು ಇತ್ತೆಂದಾಯಿತು. ನಮ್ಮ ಮನೆಯದು ಕಳೆದುಹೋಗಿದೆ.

ನೀನು ಭಯಪಡಬೇಡ. ಕಾಗದ ಹಾಕು, ಹೀಟರಿನ ಬಗ್ಗೆಯಾದರೂ ಸರಿ. ದೇವರು ನಿನ್ನನ್ನೂ ವೌಟರ್‌ನನ್ನೂ ಮಗುವನ್ನೂ ಬೆಚ್ಚಗಿಟ್ಟಿರಲಿ. ಎಲ್ಸಳಿಗೆ ನಮ್ಮ ಮಾತು ಕಲಿಸು.

ನಿನ್ನ ಅಕ್ಕ,
ಗ್ರೀತಾ

ತಾ. ಕ.: ಲಕೋಟೆಗೆ ಅಂಟು ಹಚ್ಚಿ ಆಗಿತ್ತು, ಮತ್ತೆ ಬಿಚ್ಚಿದೆ. ಸಭೆಯಲ್ಲಿ ಗಡಿಗೆ ಮರೆತೆ ಎಂದು ಹೇಳಿದೆನಲ್ಲ, ಮರೆತಿರಲಿಲ್ಲ. ಗಾಳಿ ಎದ್ದಾಗ ಗಡಿಗೆ ನನ್ನ ಕೈಯಲ್ಲೇ ಇತ್ತು. ಹಿಂದಿನ ಸಂಜೆ ನಾನು ನಿನಗೆ ಹೇಳಿದ್ದು ನೆನಪಿದೆಯೇ? “ಅಮ್ಮನ ಮಣ್ಣಿಗೆ ಬರದೋಳು ನೀನು. ಈ ಸಾಲಲ್ಲಿ ಬೆಂಕಿ ಕೇಳೋ ಬಾಯಿ ಇನ್ನು ನಿನಗಿಲ್ಲ.” ನೀನು ತಟ್ಟೆ ತೊಳೆಯುತ್ತಿದ್ದೆ, ತಿರುಗಿ ನೋಡಲಿಲ್ಲ. ರಾತ್ರಿಯೆಲ್ಲ ಆ ಮಾತು ನನ್ನನ್ನೇ ಕೊರೆಯಿತು. ಬೆಳಿಗ್ಗೆ ಹಿಂದಕ್ಕೆ ತೆಗೆದುಕೊಳ್ಳಲು ನಾಲಿಗೆ ಬರಲಿಲ್ಲ. ಹೊರಡುವುದರೊಳಗೆ ನೀನೇ ಒಮ್ಮೆ ಅರೆಬಾಗಿಲಿಗೆ ಬಂದು ಕೇಳಿಬಿಡಲಿ ಎಂದು ಕಾಯುತ್ತಿದ್ದೆ. ಗಡಿಗೆ ಕವುಚಿದರೆ ನೀನು ಕೇಳುವಂತಿಲ್ಲ. ಅದಕ್ಕೇ ಅದನ್ನು ನೆಲದ ಮೇಲಿಟ್ಟು ಒಳಗೆ ಹೋಗಿ ಕೂತೆ. ನೀನು ಬಂದು ಬೆಂಕಿ ಕೇಳಿದಾಗ, ಸಾನಾ, ಗಾಳಿ ಮಾಡನ್ನು ಕೀಳುವಂತೆ ಬೀಸುತ್ತಿತ್ತು. ನನಗೆ ಆ ಗಾಳಿ ಕೇಳಿಸಲೇ ಇಲ್ಲ. ಅಷ್ಟು ಸಂತೋಷದಿಂದ ನಾನು ಇನ್ನಾವತ್ತೂ “ತಗೋ” ಎಂದದ್ದಿಲ್ಲ. ಆಮೇಲೆ ಎಂಟು ವಾರ ರಾಹೆಲ್‌ಳನ್ನು ಅನುಮಾನಿಸಲು ಬಿಟ್ಟೆ, ನಿನ್ನನ್ನು ಕಾಗದದಲ್ಲಿ ಕೆಣಕಿ ಕೆಣಕಿ ಪರೀಕ್ಷಿಸಿದೆ. ಆ ಗಡಿಗೆಯ ಕಡೆಗೆ ಮಾತ್ರ ಕಣ್ಣೆತ್ತಲಿಲ್ಲ.

ಇಷ್ಟು ಬರೆಯುವಾಗ ಹಿತ್ತಿಲಲ್ಲಿ ಹೆಜ್ಜೆಯ ಸದ್ದಾಯಿತು. ಇವತ್ತು ಗಾಳಿಯಿಲ್ಲ, ಮಣ್ಣೊಲೆಯ ಸರದಿ ಝಾಲರದು, ಅವರ ಹಿತ್ತಿಲಲ್ಲಿ ಹೊಗೆ ನೆಟ್ಟಗೆ ಏಳುತ್ತಿದೆ. ರಾಹೆಲ್‌ಗೆ ಈಗ ಎಲ್ಲ ಮನೆಯಲ್ಲೂ ಕೊಡುತ್ತಾರೆ. ನನ್ನ ಪುಟ್ಟ ಒಲೆಯಲ್ಲಿರುವುದು ಹಿಡಿಯಷ್ಟು ಕೆಂಡ. ಇಣುಕಬಾರದೆಂದು ಗೊತ್ತಿದ್ದೂ ಇಣುಕಿದೆ. ಅರೆಬಾಗಿಲ ಆಚೆ ಅವಳು ಕೈಯಲ್ಲಿ ತಗಡಿನ ಮುಚ್ಚಳ ಹಿಡಿದು ನಿಂತಿದ್ದಾಳೆ. ಚುಂಗಾಣಿ ಬಾಯಿಂದ ತೆಗೆದಳು, ನನ್ನನ್ನು ನೋಡಲಿಲ್ಲ, ನಮಸ್ಕಾರವನ್ನೂ ಹೇಳಲಿಲ್ಲ.

“ಫ್ಯೂರ್.”